ಇಂಗ್ಲೆಂಡಿನ ಕೆಳ ಲೀಗ್‌ನಲ್ಲಿ ಅವೇ ಪಂದ್ಯಕ್ಕೆ ಹೋಗಿ ಬರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಓದಲೋ ಕೆಲಸಕ್ಕೋ ಇಂಗ್ಲೆಂಡಿಗೆ ಬಂದು, ದೊಡ್ಡ ಫುಟ್‌ಬಾಲ್ ಕ್ಲಬ್‌ಗಳ ಟಿಕೆಟ್ ಸಿಗದೆ, ಮನೆ ಹತ್ತಿರದ ಸಣ್ಣ ಕ್ಲಬ್‌ನ ಪಂದ್ಯಕ್ಕೆ ಒಂದು ಶನಿವಾರ ಸುಮ್ನೆ ಹೋಗಿ, ಆಮೇಲೆ ಅದನ್ನು ಬಿಡಲಾಗದೆ ಉಳಿದುಬಿಟ್ಟ ನಮ್ಮವರು ಸಾಕಷ್ಟು ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ನಮ್ಮದು ಲೀಗ್ ಟೂ, ಅಂದರೆ ನಾಲ್ಕನೇ ಹಂತದ ಲೀಗ್‌ನ ಕ್ಲಬ್. ತವರಿನ ಪಂದ್ಯಗಳನ್ನು ಒಂದು ಸೀಸನ್ ನೋಡಿದ ಮೇಲೆ ಮುಂದಿನ ಆಸೆ ತಾನಾಗಿಯೇ ಹುಟ್ಟುತ್ತದೆ. ತಂಡ ಬೇರೆ ಊರಿಗೆ ಹೋದಾಗ ನಾವೂ ಹಿಂದೆ ಹೋಗಬೇಕು. ಇಲ್ಲಿ ಅದನ್ನು ಅವೇ ಡೇ ಅನ್ನುತ್ತಾರೆ.

ಮೊದಲ ಸಲ ಹೊರಟವರು ಹೋಗುವ ದಾರಿಯನ್ನು ಚೆನ್ನಾಗಿ ಯೋಚಿಸಿ, ಬರುವ ದಾರಿಯನ್ನು ಮರೆಯುತ್ತಾರೆ. ನಾನು ಈಗ ಎಲ್ಲವನ್ನೂ ತಿರುಗಿಸಿ ಮಾಡುತ್ತೇನೆ. ಮೊದಲು ವಾಪಸ್ ಬರುವ ಕೊನೆಯ ರೈಲು, ಅಲ್ಲಿಂದ ಹಿಂದಕ್ಕೆ ಲೆಕ್ಕ. ಕೆಳಗೆ ಬರೆದಿರುವುದೆಲ್ಲ ಈ ಒಂದು ಅಭ್ಯಾಸದ ಸುತ್ತಲೇ ಇದೆ.

ಹೆಜ್ಜೆ 1: ಪಂದ್ಯ ಆರಿಸಿಕೊಳ್ಳುವುದು

ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲೂ 24. ಒಟ್ಟು 92 ಕ್ಲಬ್. ಈ 92 ಮೈದಾನಗಳನ್ನೂ ನೋಡಿ ಮುಗಿಸುವುದನ್ನೇ ಗುರಿ ಮಾಡಿಕೊಂಡವರು ಇಲ್ಲಿ ತುಂಬಾ ಜನ ಇದ್ದಾರೆ. ಅದಕ್ಕೂ ಕೆಳಗೆ ಐದನೇ ಹಂತದಲ್ಲಿ ನ್ಯಾಷನಲ್ ಲೀಗ್, ಆರನೇ ಹಂತದಲ್ಲಿ ಅದರ ಉತ್ತರ ಮತ್ತು ದಕ್ಷಿಣ ವಿಭಾಗಗಳು, ಹೀಗೆ ಇಳಿಯುತ್ತಾ ಹೋಗುತ್ತದೆ. ಲೀಗ್ ಒನ್, ಲೀಗ್ ಟೂ ತಂಡಕ್ಕೆ ಸೀಸನ್‌ಗೆ 46 ಲೀಗ್ ಪಂದ್ಯ. ಅದರಲ್ಲಿ 23 ಅವೇ. ಅಂದರೆ ಆರಿಸಿಕೊಳ್ಳಲು ಬೇಕಾದಷ್ಟಿದೆ, ಆತುರ ಬೇಡ.

ಮೊದಲನೆಯದಕ್ಕೆ ಹತ್ತಿರದ ಊರು, ಶನಿವಾರ ಮಧ್ಯಾಹ್ನ 3 ಗಂಟೆಯ ಪಂದ್ಯ, ಸೆಪ್ಟೆಂಬರ್ ಅಥವಾ ಏಪ್ರಿಲ್ ತಿಂಗಳು ಆರಿಸಿಕೊಳ್ಳಿ. ಪಕ್ಕದೂರಿನ ಹಳೇ ಎದುರಾಳಿ ಜೊತೆಗಿನ ಡರ್ಬಿ ಬೇಡ. ಅಲ್ಲಿ ಪೊಲೀಸರು ಜಾಸ್ತಿ, ಬಿಸಿ ಜಾಸ್ತಿ, ಟಿಕೆಟ್ ಕಮ್ಮಿ. ಮಂಗಳವಾರ ರಾತ್ರಿ 7:45ರ ಪಂದ್ಯವೂ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಕ್ಲಬ್ ಹೆಸರು ನೋಡಿ ಊರು ಊಹಿಸಬೇಡಿ. ಗ್ರಿಮ್ಸ್‌ಬಿ ಟೌನ್ ಆಡುವ ಬ್ಲಂಡೆಲ್ ಪಾರ್ಕ್ ಇರುವುದು ಗ್ರಿಮ್ಸ್‌ಬಿಯಲ್ಲಿ ಅಲ್ಲ, ಪಕ್ಕದ ಕ್ಲೀಥಾರ್ಪ್ಸ್‌ನಲ್ಲಿ. ಪೋರ್ಟ್ ವೇಲ್ ಅನ್ನುವ ಊರನ್ನು ಟಿಕೆಟ್ ಆಪ್‌ನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ, ಆ ಕ್ಲಬ್ ಸ್ಟೋಕ್-ಆನ್-ಟ್ರೆಂಟ್‌ನ ಬರ್ಸ್ಲೆಮ್‌ನಲ್ಲಿದೆ. ಫಾರೆಸ್ಟ್ ಗ್ರೀನ್ ರೋವರ್ಸ್ ಇರುವ ನೇಲ್ಸ್‌ವರ್ತ್‌ಗೆ ರೈಲೇ ಇಲ್ಲ. ಸ್ಟ್ರೌಡ್‌ನಲ್ಲಿ ಇಳಿದು ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. ಫ್ಲೀಟ್‌ವುಡ್‌ಗೆ ಬ್ಲ್ಯಾಕ್‌ಪೂಲ್‌ವರೆಗೆ ರೈಲು, ಅಲ್ಲಿಂದ ಕಡಲ ದಂಡೆಯುದ್ದಕ್ಕೂ ಹೋಗುವ ಟ್ರಾಮ್. ಇದಕ್ಕೆ ವಿರುದ್ಧ ಉದಾಹರಣೆಗಳೂ ಇವೆ. ಕ್ರೂ ಅಲೆಕ್ಸಾಂಡ್ರಾ ಮೈದಾನ ನಿಲ್ದಾಣದಿಂದ ಕೆಲವೇ ನಿಮಿಷದ ನಡಿಗೆ. ವಾಲ್ಸಾಲ್ ಮೈದಾನದ ಪಕ್ಕದಲ್ಲಿ ಮೈದಾನದ ಹೆಸರಿನದೇ ನಿಲ್ದಾಣ ಇದೆ. ನನ್ನ ಕೇಳಿದರೆ ಮೊದಲ ಪ್ರಯಾಣಕ್ಕೆ ಇಂಥ ಊರೇ ಸರಿ.

ಹೆಜ್ಜೆ 2: ದಿನಾಂಕ ಗಟ್ಟಿಯಾಗುವವರೆಗೆ ಕಾಯುವುದು

ವೇಳಾಪಟ್ಟಿ ಜೂನ್ ಕೊನೆಯ ಹೊತ್ತಿಗೆ ಬರುತ್ತದೆ. ಬಂದ ದಿನವೇ ರೈಲು, ಹೋಟೆಲ್ ಎಲ್ಲ ಬುಕ್ ಮಾಡಿಬಿಡುವ ಹುಮ್ಮಸ್ಸು ನನಗೆ ಅರ್ಥವಾಗುತ್ತದೆ, ಆದರೆ ಆ ದಿನಾಂಕಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪಂದ್ಯದ ದಿನ ಬದಲಾಗಲು ನಾಲ್ಕು ಕಾರಣಗಳಿವೆ.

ಒಂದು, ಟಿವಿ. ಬ್ರಿಟನ್‌ನಲ್ಲಿ ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಫುಟ್‌ಬಾಲ್ ಪಂದ್ಯಗಳನ್ನು ನೇರ ಪ್ರಸಾರ ಮಾಡುವಂತಿಲ್ಲ. ಜನ ಮನೆಯಲ್ಲಿ ಕೂರದೆ ತಮ್ಮೂರಿನ ಮೈದಾನಕ್ಕೆ ಹೋಗಲಿ ಅನ್ನುವ ಉದ್ದೇಶಕ್ಕೆ ಮಾಡಿದ ಹಳೆಯ ನಿಯಮ ಇದು, ಸಣ್ಣ ಕ್ಲಬ್‌ಗಳ ಪಾಲಿಗೆ ಬಹಳ ಒಳ್ಳೆಯದು. ಆದರೆ ಇದೇ ಕಾರಣಕ್ಕೆ ಟಿವಿಯವರು ಆರಿಸಿಕೊಂಡ ಪಂದ್ಯ ಶನಿವಾರ 12:30ಕ್ಕೋ ಬೇರೆ ದಿನಕ್ಕೋ ಹೋಗುತ್ತದೆ. 2024ರ ಆಗಸ್ಟ್‌ನಲ್ಲಿ ಹೊಸ ಪ್ರಸಾರ ಒಪ್ಪಂದ ಶುರುವಾದ ಮೇಲೆ ಕೆಳ ಲೀಗ್‌ಗಳಲ್ಲೂ ಇದು ಜಾಸ್ತಿಯಾಗಿದೆ.

ಎರಡು, ಎಫ್‌ಎ ಕಪ್, ಅಂದರೆ ಲೀಗ್‌ನಿಂದ ಬೇರೆಯಾಗಿ ನಡೆಯುವ ನಾಕೌಟ್ ಟೂರ್ನಿ. ಲೀಗ್ ಒನ್, ಲೀಗ್ ಟೂ ತಂಡಗಳು ನವೆಂಬರ್‌ನ ಮೊದಲ ಸುತ್ತಿನಿಂದ ಸೇರಿಕೊಳ್ಳುತ್ತವೆ. ಪಂದ್ಯ ಆಡಬೇಕಾದ ಎರಡು ತಂಡಗಳಲ್ಲಿ ಒಂದು ಕಪ್‌ನಲ್ಲಿ ಮುಂದೆ ಹೋದರೂ ಆ ವಾರದ ಲೀಗ್ ಪಂದ್ಯ ಬೇರೆ ದಿನಕ್ಕೆ ಬೀಳುತ್ತದೆ. ಮೂರು, ಅಂತರರಾಷ್ಟ್ರೀಯ ಪಂದ್ಯಗಳ ವಾರ. ಈ ಎರಡು ಲೀಗ್‌ಗಳಲ್ಲಿ ಮೂರು ಅಥವಾ ಹೆಚ್ಚು ಆಟಗಾರರಿಗೆ ದೇಶದ ತಂಡದಿಂದ ಕರೆ ಬಂದರೆ ಕ್ಲಬ್ ಪಂದ್ಯ ಮುಂದೂಡಲು ಕೇಳಬಹುದು. ನಾಲ್ಕನೆಯದು ಹವಾಮಾನ. ಅದರ ಮಾತು ಪಂದ್ಯದ ದಿನ ಬೆಳಿಗ್ಗೆಗೆ.

ಹಾಗಾಗಿ ಟಿವಿ ಪಟ್ಟಿ ಬರುವವರೆಗೂ ದುಡ್ಡು ವಾಪಸ್ ಬರದಂಥ ಯಾವುದನ್ನೂ ಕೊಳ್ಳಬೇಡಿ.

ಹೆಜ್ಜೆ 3: ವಾಪಸ್ ಬರುವ ರೈಲು

ಈಗ ಮುಖ್ಯ ವಿಷಯ. 3 ಗಂಟೆಗೆ ಶುರುವಾದ ಪಂದ್ಯ ಮುಗಿಯುವುದು 4:55ರ ಆಸುಪಾಸು. 45 ನಿಮಿಷದ ಎರಡು ಅವಧಿ, ನಡುವೆ 15 ನಿಮಿಷ ವಿರಾಮ, ಜೊತೆಗೆ ಎರಡೂ ಅವಧಿಗಳಿಗೆ ಸೇರುವ ಹೆಚ್ಚುವರಿ ನಿಮಿಷಗಳು. ಮುಗಿದ ತಕ್ಷಣ ಓಡುವುದೂ ಆಗುವುದಿಲ್ಲ. ಆಟಗಾರರು ನಮ್ಮ ಕಡೆ ಬಂದು ಚಪ್ಪಾಳೆ ತಟ್ಟುತ್ತಾರೆ, ಅದಕ್ಕೆ ನಿಲ್ಲಲೇಬೇಕು. ಮೈದಾನದಿಂದ ನಿಲ್ದಾಣಕ್ಕೆ ನಡಿಗೆ ಎಷ್ಟು ಅಂತ ಮ್ಯಾಪ್‌ನಲ್ಲಿ ನೋಡಿ, ಅದಕ್ಕೆ ಅರ್ಧ ಗಂಟೆ ಸೇರಿಸಿ. ಆ ಹೊತ್ತಿನ ನಂತರ ಎಷ್ಟು ರೈಲುಗಳಿವೆ? ಎರಡಕ್ಕಿಂತ ಜಾಸ್ತಿ ಇದ್ದರೆ ನೆಮ್ಮದಿ. ಒಂದೇ ಇದ್ದರೆ ಅದು ತಪ್ಪಿದರೆ ಏನು ಮಾಡುತ್ತೀರಿ ಅಂತ ಈಗಲೇ ತೀರ್ಮಾನಿಸಿ.

ಬ್ಯಾರೋ ಅನ್ನುವ ಊರು ಇದಕ್ಕೆ ಒಳ್ಳೆಯ ಪಾಠ. ಲ್ಯಾಂಕಾಸ್ಟರ್‌ನಿಂದ ಮೋರ್‌ಕಾಂಬ್ ಕೊಲ್ಲಿಯನ್ನು ಬಳಸಿಕೊಂಡು ಸುಮಾರು ಒಂದು ಗಂಟೆ ಹೋಗುವ ದಾರಿ. ಆರ್ನ್‌ಸೈಡ್ ಬಳಿ ರೈಲು ನೀರಿನ ಮೇಲಿನ ಉದ್ದನೆಯ ಸೇತುವೆ ದಾಟುವಾಗ ಕಿಟಕಿಯಿಂದ ಕಣ್ಣು ಕೀಳಲಾಗುವುದಿಲ್ಲ. ಆದರೆ ದಕ್ಷಿಣದ ಊರಿನಿಂದ ಹೋದವರು ಸಂಜೆ ಅಲ್ಲಿಂದ ಒಂದು ಕನೆಕ್ಷನ್ ತಪ್ಪಿಸಿಕೊಂಡರೆ ಆ ರಾತ್ರಿ ಮನೆ ಸೇರುವುದು ಕಷ್ಟ. ಅಂಥ ದೂರದ ಊರಿಗೆ ರಾತ್ರಿ ಉಳಿದುಕೊಳ್ಳುವ ಲೆಕ್ಕವೇ ವಾಸಿ.

ಮಂಗಳವಾರದ ಪಂದ್ಯ ಬೇಡ ಅಂದದ್ದು ಇದಕ್ಕೇ. 7:45ಕ್ಕೆ ಶುರುವಾದದ್ದು ಮುಗಿಯುವಾಗ 9:40. ಸಣ್ಣ ಊರುಗಳಿಂದ ಆ ಹೊತ್ತಿಗೆ ರೈಲು ಇದ್ದರೆ ಪುಣ್ಯ.

ಇನ್ನೊಂದು ಮಾತು, ವಾರಾಂತ್ಯದಲ್ಲಿ ಹಳಿ ರಿಪೇರಿ ನಡೆಯುತ್ತದೆ. ರೈಲಿನ ಬದಲು ಬಸ್ ಓಡಿಸುತ್ತಾರೆ. ಒಂದು ಗಂಟೆಯ ದಾರಿ ಎರಡೂವರೆ ಗಂಟೆ ಆಗಬಹುದು. ಬುಕ್ ಮಾಡುವಾಗಲೂ ನೋಡಿ, ಪಂದ್ಯದ ಹಿಂದಿನ ಸಂಜೆಯೂ ನೋಡಿ.

ಹೆಜ್ಜೆ 4: ಹೋಗುವ ದಾರಿ

ಒಬ್ಬರೇ ಹೋಗುತ್ತಿದ್ದರೆ ಅಭಿಮಾನಿಗಳ ಕೋಚ್ ಬಸ್ ಬಹಳ ಒಳ್ಳೆಯದು. ಕ್ಲಬ್ ಅಥವಾ ಅಭಿಮಾನಿ ಸಂಘ ನಡೆಸುತ್ತದೆ, ನಮ್ಮ ಮೈದಾನದಿಂದ ಹೊರಟು ಅವರ ಮೈದಾನದ ಬಾಗಿಲಲ್ಲಿ ಇಳಿಸುತ್ತದೆ, ಪಂದ್ಯ ಮುಗಿದ ಮೇಲೆ ಅಲ್ಲೇ ಕಾದಿರುತ್ತದೆ. ವಾಪಸ್ ದಾರಿಯ ಚಿಂತೆ ಅಲ್ಲಿಗೇ ಮುಗಿಯಿತು. ಮೇಲಾಗಿ ಹತ್ತಾರು ವರ್ಷಗಳಿಂದ ತಂಡದ ಹಿಂದೆ ತಿರುಗುತ್ತಿರುವವರ ಪಕ್ಕದ ಸೀಟು ಸಿಗುತ್ತದೆ, ಅವರ ಬಾಯಲ್ಲಿ ಹಳೆಯ ಸೀಸನ್‌ಗಳ ಕಥೆ ಕೇಳುವುದೇ ಒಂದು ಸುಖ. ಒಂದು ಎಚ್ಚರಿಕೆ: ಇಂಥ ಬಸ್ಸುಗಳಲ್ಲಿ ಮದ್ಯ ಒಯ್ಯುವುದು 1985ರ ಕಾಯ್ದೆಯ ಪ್ರಕಾರ ಅಪರಾಧ. ಬ್ಯಾಗಿನಲ್ಲಿ ಮುಚ್ಚಿಟ್ಟರೂ ಅಪರಾಧವೇ.

ರೈಲಾದರೆ ದುಡ್ಡು ಉಳಿಸಲು ದಾರಿಗಳಿವೆ. ಅಡ್ವಾನ್ಸ್ ಟಿಕೆಟ್ ಅಗ್ಗ, ಸಾಮಾನ್ಯವಾಗಿ 12 ವಾರ ಮುಂಚೆ ಸಿಗಲು ಶುರುವಾಗುತ್ತದೆ, ಆದರೆ ಅದು ಒಂದೇ ರೈಲಿಗೆ ಕಟ್ಟಿಹಾಕುತ್ತದೆ. ನಾನು ಹೋಗುವುದಕ್ಕೆ ಅಡ್ವಾನ್ಸ್, ಬರುವುದಕ್ಕೆ ದಟ್ಟಣೆ ಇಲ್ಲದ ಹೊತ್ತಿನ ಯಾವ ರೈಲಾದರೂ ಹತ್ತಬಹುದಾದ ಆಫ್-ಪೀಕ್ ಟಿಕೆಟ್ ನೋಡುತ್ತೇನೆ. ಎರಡೂ ಸೇರಿ ಆಫ್-ಪೀಕ್ ರಿಟರ್ನ್‌ಗಿಂತ ದುಬಾರಿಯಾದರೆ ಆ ರಿಟರ್ನ್‌ನ್ನೇ ತಗೊಳ್ಳುತ್ತೇನೆ. ರೈಲ್‌ಕಾರ್ಡ್ ಇದ್ದರೆ ಮೂರನೇ ಒಂದು ಭಾಗ ಕಡಿಮೆ. 2025ರ ಮಾರ್ಚ್‌ನಿಂದ ವರ್ಷಕ್ಕೆ 35 ಪೌಂಡ್, ವಿದ್ಯಾರ್ಥಿಗಳಿಗೆ ಎರಡು ಮೂರು ಪ್ರಯಾಣದಲ್ಲೇ ಹುಟ್ಟಿಬಿಡುತ್ತದೆ. ಕಾರ್ಡ್ ಇಲ್ಲದವರು ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಗ್ರೂಪ್‌ಸೇವ್ ಅಂತ ಇದೆ, ಅದರಲ್ಲೂ ಅಷ್ಟೇ ರಿಯಾಯಿತಿ.

ಕಾರಾದರೆ ಹೇಳುವುದು ಕಡಿಮೆ. ಮೈದಾನದ ಸುತ್ತ ಮನೆಗಳ ಬೀದಿಗಳಲ್ಲಿ ಪಂದ್ಯದ ದಿನ ನಿಲ್ಲಿಸಲು ಬಿಡದಿರಬಹುದು, ಕಂಬದ ಮೇಲಿನ ಬೋರ್ಡ್ ಓದಿ. ಸ್ವಲ್ಪ ದೂರ ನಿಲ್ಲಿಸಿ ನಡೆದರೆ ಪಂದ್ಯ ಮುಗಿದ ಮೇಲೆ ಬೇಗ ಹೊರಬೀಳಬಹುದು.

ಹೆಜ್ಜೆ 5: ಪಂದ್ಯದ ಟಿಕೆಟ್

ಅವೇ ಟಿಕೆಟ್ ಕೊಳ್ಳಬೇಕಾದದ್ದು ನಿಮ್ಮ ಕ್ಲಬ್ ಹತ್ತಿರ, ಎದುರಾಳಿ ಕ್ಲಬ್ ಹತ್ತಿರ ಅಲ್ಲ. ಹೊಸಬರು ಇಲ್ಲೇ ಎಡವುತ್ತಾರೆ. ಎದುರಾಳಿಯ ವೆಬ್‌ಸೈಟಿಗೆ ಹೋಗಿ ಸಿಕ್ಕಿದ ಸೀಟು ಒತ್ತಿದರೆ ತವರು ಅಭಿಮಾನಿಗಳ ನಡುವೆ ಕೂರಬೇಕಾಗುತ್ತದೆ. ನಿಮ್ಮ ತಂಡ ಗೋಲು ಹೊಡೆದಾಗ ಎದ್ದು ಕೂಗಿದರೆ ಸ್ಟೀವರ್ಡ್‌ಗಳು, ಅಂದರೆ ಮೈದಾನದ ಕಾವಲು ಸಿಬ್ಬಂದಿ, ಹೊರಗೆ ಕಳಿಸುತ್ತಾರೆ.

ಲೀಗ್ ಟೂನಲ್ಲಿ ದೊಡ್ಡವರ ಟಿಕೆಟ್ ಸಾಮಾನ್ಯವಾಗಿ 20ರಿಂದ 30 ಪೌಂಡ್ ಒಳಗೆ. ಮಕ್ಕಳಿಗೆ, ವಿದ್ಯಾರ್ಥಿಗಳಿಗೆ, ಹಿರಿಯರಿಗೆ ಕಡಿಮೆ. ಆ ದಿನ ಬಾಗಿಲಲ್ಲಿ ಕೊಂಡರೆ ಹಲವು ಕಡೆ ಎರಡು ಮೂರು ಪೌಂಡ್ ಹೆಚ್ಚು. ದೊಡ್ಡ ಪಂದ್ಯಗಳಿಗೆ ಬಾಗಿಲಲ್ಲಿ ಮಾರುವುದೇ ಇಲ್ಲ, ಪ್ರಕಟಣೆಯಲ್ಲಿ ಆಲ್ ಟಿಕೆಟ್ ಅಂತ ಇದ್ದರೆ ಅದೇ ಅರ್ಥ. ಬೇರೆಯವರಿಂದ ಜಾಸ್ತಿ ದುಡ್ಡಿಗೆ ಕೊಳ್ಳಲು ಹೋಗಬೇಡಿ. ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರುವುದು 1994ರಿಂದ ಇಲ್ಲಿ ಅಪರಾಧ.

ಕೂರುವುದೋ ನಿಲ್ಲುವುದೋ ಅಂತಲೂ ಕೇಳಬಹುದು. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲು 97 ಜನರ ಜೀವ ತೆಗೆಯಿತು. ಆಮೇಲೆ ಬಂದ ಟೇಲರ್ ವರದಿಯ ಫಲವಾಗಿ ಮೇಲಿನ ಎರಡು ಲೀಗ್‌ಗಳ ಮೈದಾನಗಳಲ್ಲಿ ಎಲ್ಲರಿಗೂ ಸೀಟು ಕಡ್ಡಾಯವಾಯಿತು. ಕೆಳ ಲೀಗ್‌ಗಳಲ್ಲಿ ಮಾತ್ರ ನಿಂತು ನೋಡುವ ಹಳೆಯ ಮೆಟ್ಟಿಲುಗಳು, ಅಂದರೆ ಟೆರೇಸ್, ಉಳಿದುಕೊಂಡವು. ಸಾಧ್ಯವಾದರೆ ಒಮ್ಮೆ ಅಲ್ಲಿ ನಿಂತು ನೋಡಿ. ಮಕ್ಕಳಿದ್ದರೆ, ಮೊಣಕಾಲು ನೋವಿದ್ದರೆ ಸೀಟೇ ಇರಲಿ. ಅಂಗವಿಕಲರಿಗೆ, ಅವರ ಜೊತೆಗಾರರಿಗೆ ಬೇರೆ ವ್ಯವಸ್ಥೆ ಇರುತ್ತದೆ. ಮೊದಲೇ ನಿಮ್ಮ ಕ್ಲಬ್‌ನ ಅಭಿಮಾನಿ ಸಂಪರ್ಕ ಅಧಿಕಾರಿಗೆ ಒಂದು ಮೇಲ್ ಹಾಕಿ. ಈ ಹುದ್ದೆಯಲ್ಲಿರುವವರು ನಿಜಕ್ಕೂ ಉತ್ತರ ಕೊಡುತ್ತಾರೆ.

ಹೆಜ್ಜೆ 6: ಬಟ್ಟೆ, ಬ್ಯಾಗು

ಬ್ಯಾಗು ಸಣ್ಣದಿರಲಿ. ಎಷ್ಟೋ ಕ್ಲಬ್‌ಗಳು ಎ4 ಹಾಳೆಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವ ಜಾಗವೂ ಅವರ ಹತ್ತಿರ ಇರುವುದಿಲ್ಲ. ಗಾಜಿನ ಬಾಟಲಿ, ಕ್ಯಾನ್, ಪಟಾಕಿ, ಹೊಗೆ ಡಬ್ಬಿ ಯಾವುದೂ ಬೇಡ. ಪವರ್ ಬ್ಯಾಂಕ್ ಮರೆಯಬೇಡಿ. ಟಿಕೆಟ್ ಫೋನಿನಲ್ಲಿ, ರೈಲು ಫೋನಿನಲ್ಲಿ, ಮ್ಯಾಪ್ ಫೋನಿನಲ್ಲಿ. ಚಾರ್ಜ್ ಮುಗಿದರೆ ಎಲ್ಲವೂ ಒಟ್ಟಿಗೆ ಕೈಕೊಡುತ್ತವೆ.

ಚಳಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅವೇ ಅಭಿಮಾನಿಗಳಿಗೆ ಕೊಡುವ ಭಾಗಕ್ಕೆ ಎಷ್ಟೋ ಕಡೆ ಚಾವಣಿ ಇರುವುದಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ದ್ವಿತೀಯಾರ್ಧ ಪೂರ್ತಿ ದೀಪದ ಬೆಳಕಲ್ಲಿ. ಚಳಿ ಮೇಲಿನಿಂದ ಬರುತ್ತದೆ ಅಂದುಕೊಂಡು ನಾವು ಟೋಪಿ, ಮಫ್ಲರ್, ಜಾಕೆಟ್ ಹಾಕುತ್ತೇವೆ. ಆದರೆ ಎರಡು ಗಂಟೆ ಒಂದೇ ಕಡೆ ನಿಂತಾಗ ನಿಜವಾದ ಚಳಿ ಏರುವುದು ಕೆಳಗಿನಿಂದ, ಕಾಂಕ್ರೀಟಿನಿಂದ. ನನ್ನ ಮೊದಲ ಜನವರಿ ಪಂದ್ಯದಲ್ಲಿ ವಿರಾಮದ ಹೊತ್ತಿಗೆ ಪಾದ ಮರಗಟ್ಟಿ ಹೋಗಿತ್ತು. ಒಂದು ಕಾಲಿಂದ ಇನ್ನೊಂದಕ್ಕೆ ಕುಣಿಯುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಗ್ಗಿ, ತಮ್ಮ ಕಾಲಡಿಯ ರಟ್ಟಿನ ಹಾಳೆಯನ್ನು ಎಳೆದು, ಅರ್ಧಕ್ಕೆ ಹರಿದು, ಒಂದು ತುಂಡನ್ನು ನನ್ನ ಬೂಟಿನ ಮುಂದೆ ಹಾಕಿದರು. ಕಣ್ಣು ಮಾತ್ರ ಆಟದ ಮೇಲೇ ಇತ್ತು. ಹತ್ತು ನಿಮಿಷದಲ್ಲಿ ಬೆರಳುಗಳಿಗೆ ಜೀವ ಬಂತು. ಅಂದಿನಿಂದ ಪಾರ್ಸೆಲ್ ಡಬ್ಬದ ಒಂದು ಪಕ್ಕವನ್ನು ಕತ್ತರಿಸಿ, ಮಡಚಿ, ಜಾಕೆಟ್ ಒಳಗೆ ಇಟ್ಟುಕೊಳ್ಳುತ್ತೇನೆ. ದಪ್ಪ ಅಡಿಯ ಬೂಟು, ಒಂದರ ಮೇಲೊಂದು ಎರಡು ಸಾಕ್ಸ್, ಕೆಳಗೆ ರಟ್ಟು. ಸಾಕ್ಸ್‌ನಿಂದ ಬೂಟು ಬಿಗಿಯಾಗಬಾರದು, ಬಿಗಿಯಾದರೆ ರಕ್ತ ಓಡದೆ ಚಳಿ ಇನ್ನೂ ಜಾಸ್ತಿ.

ಹೆಜ್ಜೆ 7: ಪಂದ್ಯದ ದಿನ ಬೆಳಿಗ್ಗೆ

ಎದ್ದ ಕೂಡಲೇ ಎರಡೂ ಕ್ಲಬ್‌ಗಳ ಅಧಿಕೃತ ಖಾತೆ ನೋಡಿ. ರಾತ್ರಿ ಹಿಮ ಬಿದ್ದಿದ್ದರೆ, ಮಳೆ ಸುರಿದಿದ್ದರೆ ರೆಫರಿ ಬೆಳಿಗ್ಗೆ ಬಂದು ಅಂಕಣ ಪರೀಕ್ಷೆ ಮಾಡುತ್ತಾರೆ. ನೆಲ ಕಲ್ಲಿನಂತೆ ಗಟ್ಟಿಯಾಗಿದ್ದರೆ ಅಥವಾ ಚೆಂಡು ಉರುಳದಷ್ಟು ನೀರು ನಿಂತಿದ್ದರೆ ಪಂದ್ಯ ರದ್ದು. ಸಣ್ಣ ಕ್ಲಬ್‌ಗಳಲ್ಲಿ ಅಂಕಣದ ಕೆಳಗೆ ಬಿಸಿ ಮಾಡುವ ಪೈಪುಗಳು ಇರುವುದು ಅಪರೂಪ, ಅದಕ್ಕೇ ಇದು ಇಲ್ಲಿ ಜಾಸ್ತಿ. ನಾನು ಒಮ್ಮೆ ಅರ್ಧ ದಾರಿಯಲ್ಲಿದ್ದಾಗ ರದ್ದಾದ ಸುದ್ದಿ ಬಂತು. ಬೆಳಿಗ್ಗೆ ಪರೀಕ್ಷೆ ಇದೆ ಅನ್ನುವ ಪ್ರಕಟಣೆ ಹಿಂದಿನ ರಾತ್ರಿಯೇ ಬಂದಿತ್ತು, ನಾನು ನೋಡಿರಲಿಲ್ಲ.

ಪರೀಕ್ಷೆ ಇದೆ ಅಂತ ಗೊತ್ತಾದರೆ ಫಲಿತಾಂಶ ಬರುವವರೆಗೆ ಹೊರಡಬೇಡಿ, ತಡವಾದರೂ ಪರವಾಗಿಲ್ಲ. ಮುಂದೂಡಿದ ಪಂದ್ಯಕ್ಕೆ ಸಾಮಾನ್ಯವಾಗಿ ಅದೇ ಟಿಕೆಟ್ ನಡೆಯುತ್ತದೆ, ಬೇಡದವರಿಗೆ ದುಡ್ಡು ವಾಪಸ್. ಅಡ್ವಾನ್ಸ್ ರೈಲು ಟಿಕೆಟ್‌ಗೆ ದುಡ್ಡು ಬರುವುದಿಲ್ಲ, ಆದರೆ ಆ ರೈಲು ಹೊರಡುವ ಮೊದಲು ಶುಲ್ಕ ಕೊಟ್ಟು ಬೇರೆ ದಿನಕ್ಕೆ ಬದಲಾಯಿಸಿಕೊಳ್ಳಬಹುದು.

ಹೆಜ್ಜೆ 8: ಆ ಊರಿನಲ್ಲಿ

ಮಧ್ಯಾಹ್ನ 12ರ ಹೊತ್ತಿಗೆ ತಲುಪಿದರೆ ಸರಿ. ಎಷ್ಟೋ ಪಬ್‌ಗಳ ಬಾಗಿಲಲ್ಲಿ ತವರು ಅಭಿಮಾನಿಗಳಿಗೆ ಮಾತ್ರ ಅಂತ ಬೋರ್ಡ್ ಇರುತ್ತದೆ. ಅದನ್ನು ಗೌರವಿಸಿ, ವಾದ ಬೇಡ. ಅವೇ ಅಭಿಮಾನಿಗಳನ್ನು ಕರೆಯುವ ಜಾಗ ಯಾವುದು ಅಂತ ನಿಮ್ಮ ಕ್ಲಬ್ ಕೊಡುವ ಪ್ರಯಾಣ ಮಾಹಿತಿಯಲ್ಲಿ ಇರುತ್ತದೆ. ಕೆಲವು ಕ್ಲಬ್‌ಗಳು ತಮ್ಮ ಅಭಿಮಾನಿಗಳು ಸೇರಿ ಕೂರುವ ಸೋಷಿಯಲ್ ಕ್ಲಬ್ಬನ್ನೇ ಎಲ್ಲರಿಗೂ ತೆರೆದಿಡುತ್ತವೆ. ಅಲ್ಲಿ ಎದುರಾಳಿ ಅಭಿಮಾನಿಗಳ ಜೊತೆ ಕೂತು ಮಾತಾಡುವುದು ಈ ಪ್ರಯಾಣದ ಅತ್ಯಂತ ಸಂತೋಷದ ಹೊತ್ತು. ತಂಡದ ಜರ್ಸಿ ಹಾಕಿಕೊಳ್ಳಿ, ಆದರೆ ಗೊತ್ತಿಲ್ಲದ ಬೀದಿಗಳಲ್ಲಿ ಮೇಲೊಂದು ಜಾಕೆಟ್ ಇರಲಿ.

ನಡುವೆ ಊರು ನೋಡಿ. ಕ್ಲೀಥಾರ್ಪ್ಸ್‌ನಲ್ಲಿ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಕಡಲ ದಂಡೆ. ಪಂದ್ಯಕ್ಕೆ ಮೊದಲು ಅಲ್ಲಿ ಒಂದು ಗಂಟೆ ಗಾಳಿಗೆ ಮುಖ ಕೊಟ್ಟು ನಡೆಯುವುದು ನನಗೆ ಪಂದ್ಯದಷ್ಟೇ ಇಷ್ಟ.

ಊಟದ ವಿಷಯ ನಮ್ಮವರಿಗೆ ಮುಖ್ಯ, ಅಲ್ವಾ. ಯಾರ್ಕ್‌ಷೈರ್ ಮತ್ತು ಉತ್ತರದ ಹಲವು ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆಯನ್ನು ಕರಿಯುವುದು ದನದ ಕೊಬ್ಬಿನಲ್ಲಿ. ಸಸ್ಯಾಹಾರಿಗಳು, ಬೀಫ್ ತಿನ್ನದವರು ಯಾವ ಎಣ್ಣೆ ಅಂತ ಮೊದಲೇ ಕೇಳಿ. ಮೈದಾನದೊಳಗೆ ಚಳಿಗೆ ಎಲ್ಲರೂ ಬಿಸಿಬಿಸಿಯಾಗಿ ಕುಡಿಯುವ ಬೊವ್ರಿಲ್ ಕೂಡ ಬೀಫ್ ಸಾರವೇ. ನೋಡಲು ಕಷಾಯದ ಥರ ಇರುತ್ತದೆ, ಗೊತ್ತಿಲ್ಲದೆ ತಗೊಳ್ಳಬೇಡಿ. ಪೈಗಳಲ್ಲಿ ಚೀಸ್ ಮತ್ತು ಈರುಳ್ಳಿಯದು ಬಹಳ ಕಡೆ ಸಿಗುತ್ತದೆ, ಆದರೆ ಬೇಗ ಖಾಲಿಯಾಗುತ್ತದೆ, ಹಾಗಾಗಿ ವಿರಾಮಕ್ಕೆ ಕಾಯದೆ ಮೊದಲೇ ತಗೊಳ್ಳಿ. ಕಚ್ಚುವಾಗ ಹುಷಾರು. ಹೊರಗಿನ ಹಿಟ್ಟು ಬೆಚ್ಚಗಿದ್ದರೂ ಒಳಗಿನ ಚೀಸ್ ಕೆಂಡ. ಫಾರೆಸ್ಟ್ ಗ್ರೀನ್‌ಗೆ ಹೋದರೆ ಈ ಯಾವ ಚಿಂತೆಯೂ ಇಲ್ಲ, 2015ರಿಂದ ಅಲ್ಲಿ ಎಲ್ಲವೂ ವೀಗನ್.

ಹೆಜ್ಜೆ 9: ಮೈದಾನದ ಒಳಗೆ

2:30ಕ್ಕೆ ಒಳಗಿರಿ. ಟರ್ನ್‌ಸ್ಟೈಲ್ ಎಷ್ಟು ಕಿರಿದು ಅಂದರೆ ದಪ್ಪ ಜಾಕೆಟ್ ಹಾಕಿದವರು ಪಕ್ಕಕ್ಕೆ ತಿರುಗಿ ನುಗ್ಗಬೇಕು. ಕಬ್ಬಿಣದ ಸಲಾಕೆ ಸೊಂಟಕ್ಕೆ ತಾಗಿ ಕಟಕ್ ಅಂತ ತಿರುಗಿದರೆ ನೀವು ಒಳಗೆ. ತಪಾಸಣೆ ಇರುತ್ತದೆ, ನೀರಿನ ಬಾಟಲಿಯ ಮುಚ್ಚಳ ತೆಗೆದಿಟ್ಟುಕೊಂಡರೂ ಆಶ್ಚರ್ಯ ಬೇಡ. ಪ್ರೋಗ್ರಾಮ್ ಪುಸ್ತಕ ಅಚ್ಚು ಮಾಡುತ್ತಿದ್ದರೆ ಒಂದು ತಗೊಳ್ಳಿ.

ಟೆರೇಸ್‌ನಲ್ಲಿ ಕಬ್ಬಿಣದ ತಡೆಗಂಬಿಗಳಿರುತ್ತವೆ. ಕಂಬಿ ನಿಮ್ಮ ಬೆನ್ನ ಹಿಂದೆ ಇರುವಂತೆ ನಿಂತರೆ ಗೋಲಾದಾಗ ಹಿಂದಿನವರು ಮುಂದಕ್ಕೆ ನುಗ್ಗಿದರೂ ಭಾರ ನಿಮ್ಮ ಮೇಲೆ ಬೀಳುವುದಿಲ್ಲ. ಬಣ್ಣ ಬಳಿದ ಮೆಟ್ಟಿಲ ದಾರಿಯಲ್ಲಿ ನಿಲ್ಲಬೇಡಿ. ಹಾಡುಗಳು ಗೊತ್ತಿಲ್ಲದಿದ್ದರೆ ಮೊದಲ ಹತ್ತು ನಿಮಿಷ ಕೇಳಿಸಿಕೊಳ್ಳಿ, ಎಲ್ಲವೂ ಎರಡು ಸಾಲಿನವು. ಮುನ್ನೂರು ಜನರಲ್ಲಿ ನಿಮ್ಮ ದನಿ ಎಣಿಕೆಗೆ ಬರುತ್ತದೆ. ದೊಡ್ಡ ಕ್ಲಬ್‌ನ ಎಪ್ಪತ್ತು ಸಾವಿರದ ಮೈದಾನದಲ್ಲಿ ಅದು ಸಿಗುವುದಿಲ್ಲ.

ಕಾನೂನು ಮೂರು ಮಾತಲ್ಲಿ: ಅಂಕಣ ಕಾಣುವ ಜಾಗಕ್ಕೆ ಮದ್ಯ ತರುವಂತಿಲ್ಲ, ಎಷ್ಟೇ ಖುಷಿಯಾದರೂ ಅಂಕಣಕ್ಕೆ ಇಳಿಯುವಂತಿಲ್ಲ, ಜನಾಂಗ ನಿಂದನೆ ಕೂಗುವಂತಿಲ್ಲ. ಯಾರಾದರೂ ನಿಮ್ಮ ಬಣ್ಣದ ಬಗ್ಗೆ ಕೂಗಿದರೆ ನುಂಗಿಕೊಳ್ಳಬೇಡಿ. ಸ್ಟೀವರ್ಡ್‌ಗೆ ಸಾಲು, ಸೀಟು ತೋರಿಸಿ ಹೇಳಿ. 1991ರ ಕಾಯ್ದೆ ನಿಮ್ಮ ಪರ ಇದೆ. ನನ್ನ ಅನುಭವದಲ್ಲಿ ಸುತ್ತಲಿನ ನಮ್ಮ ಅಭಿಮಾನಿಗಳೇ ಮೊದಲು ಎದ್ದು ನಿಂತರು.

ನ್ಯಾಷನಲ್ ಲೀಗ್‌ಗಿಂತ ಕೆಳಗೆ ಇಳಿದರೆ ಲೋಕವೇ ಬೇರೆ. ಎಷ್ಟೋ ಪಂದ್ಯಗಳಲ್ಲಿ ಎರಡೂ ಕಡೆಯವರನ್ನು ಬೇರ್ಪಡಿಸುವುದೇ ಇಲ್ಲ. ವಿರಾಮದಲ್ಲಿ ಜನ ತಮ್ಮ ತಂಡ ಗೋಲು ಹೊಡೆಯುವ ಕಡೆಗೆ ಅಂಕಣ ಸುತ್ತಿ ನಡೆದು ಹೋಗುತ್ತಾರೆ, ಎದುರಿನಿಂದ ಬರುವವರಿಗೆ ಕೈ ಎತ್ತಿ ಮಾತಾಡಿಸುತ್ತಾ.

ಹೆಜ್ಜೆ 10: ಸೀಟಿ ಊದಿದ ಮೇಲೆ

ಸೋತರೂ ಐದು ನಿಮಿಷ ನಿಲ್ಲಿ. ಆಟಗಾರರು ಬಂದೇ ಬರುತ್ತಾರೆ, ಅವರಿಗೂ ಮುಂದೆ ಅಷ್ಟೇ ಉದ್ದದ ಬಸ್ ಪ್ರಯಾಣ ಇದೆ. ಆಮೇಲೆ ಗುಂಪಿನ ಜೊತೆಗೇ ನಡೆಯಿರಿ, ಒಬ್ಬರೇ ಅಡ್ಡದಾರಿ ಹಿಡಿಯಬೇಡಿ. ಪೊಲೀಸರು ಸ್ವಲ್ಪ ಹೊತ್ತು ತಡೆದು ನಿಲ್ಲಿಸಿದರೆ ಗಾಬರಿ ಬೇಡ, ಎರಡೂ ಕಡೆಯ ಅಭಿಮಾನಿಗಳು ಒಟ್ಟಿಗೆ ರಸ್ತೆಗೆ ಇಳಿಯದಿರಲಿ ಅಂತ ಹಾಗೆ ಮಾಡುತ್ತಾರೆ. ಮೂರನೇ ಹೆಜ್ಜೆಯಲ್ಲಿ ಸೇರಿಸಿದ ಅರ್ಧ ಗಂಟೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ರೈಲು ತಡವಾದರೆ ಟಿಕೆಟ್ ಅಳಿಸಬೇಡಿ. ಕಂಪನಿಯನ್ನು ನೋಡಿಕೊಂಡು 15 ಅಥವಾ 30 ನಿಮಿಷ ಮೀರಿದ ವಿಳಂಬಕ್ಕೆ ಡಿಲೇ ರಿಪೇ ಪರಿಹಾರ ಸಿಗುತ್ತದೆ. ಅರ್ಜಿಗೆ 28 ದಿನ ಅವಕಾಶ, ಆದರೆ ರೈಲಿನಲ್ಲಿ ಕೂತೇ ಹಾಕಿಬಿಡಿ, ಮನೆಗೆ ಹೋದರೆ ಮರೆತುಹೋಗುತ್ತದೆ. ನಾನು ಅದನ್ನು ಮುಗಿಸಿ ಮುಂದಿನ ಅವೇ ಪಂದ್ಯದ ಟಿಕೆಟ್ ಯಾವಾಗ ಬಿಡುತ್ತಾರೆ ಅಂತ ನೋಡುತ್ತೇನೆ, ಆಮೇಲೆ ಆ ಊರಿನಿಂದ ವಾಪಸ್ ಬರುವ ಕೊನೆಯ ರೈಲು.